ಗಾಡಿ ಹಿಂದಕ್ಕೆ ಕೂತ ಮಾತ್ರಕ್ಕೆ ಹಿಡಿತ ಬಂತು ಅಂತಲ್ಲ: ಡ್ರ್ಯಾಗ್ ರೇಸ್‌ಗೆ ಹಿಂದಿನ ಸಸ್ಪೆನ್ಷನ್ ಹೊಂದಿಸುವ ಲೆಕ್ಕ

ಪುಣೆ ಪಕ್ಕದ ಪಿಂಪರಿ-ಚಿಂಚವಾಡದಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಆಟೊ ಕಂಪನಿಗಳಲ್ಲಿ, ಗ್ಯಾರೇಜುಗಳಲ್ಲಿ ದುಡಿಯುವ ನಮ್ಮವರು ಬಹಳ. ಅವರಲ್ಲಿ ಗಾಡಿ ಹುಚ್ಚಿನವರೂ ಬಹಳ. ಡ್ರ್ಯಾಗ್ ರೇಸ್ ಮಾತು ಶುರುವಾದರೆ ಟರ್ಬೊ, ರೀಮ್ಯಾಪ್, ಎಕ್ಸಾಸ್ಟ್ ಅಂತ ಎಂಜಿನ್ ಸುತ್ತಲೇ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಹಿಂದಿನ ಸಸ್ಪೆನ್ಷನ್ ವಿಷಯ ಬಂದಾಗ ಮಾತ್ರ ಒಂದೇ ಮಾತಿನಲ್ಲಿ ತೀರ್ಪು: "ಹಿಂದೆ ಸಾಫ್ಟ್ ಮಾಡಿಸು, ಗಾಡಿ ಕೂತ್ಕೊಂಡ್ರೆ ಗ್ರಿಪ್ ಬರುತ್ತೆ."

ಈ ಮಾತು ಅರ್ಧ ಸರಿ. ತಪ್ಪಿರುವ ಅರ್ಧದಲ್ಲೇ ರೇಸ್ ಕೈತಪ್ಪಿ ಹೋಗುತ್ತದೆ. ಗಾಡಿಯ ಬಾಡಿ ಹಿಂದಕ್ಕೆ ಕೂರುವುದು ಬೇರೆ, ಹಿಂದಿನ ಟೈರಿನ ಮೇಲೆ ಭಾರ ಬೀಳುವುದು ಬೇರೆ. ಟೈರ್ ಹಿಡಿಯುವುದು ಭಾರಕ್ಕೆ. ಆ ಭಾರ ಎಷ್ಟು ಬೇಗ ಬಂತು, ಎಡಬಲ ಸಮವಾಗಿ ಬಂತೇ, ಬಂದದ್ದು ನಿಂತಿತೇ ಅನ್ನುವುದನ್ನು ನಿರ್ಧರಿಸುವುದು ಹಿಂದಿನ ಸಸ್ಪೆನ್ಷನ್. ಸ್ಪ್ರಿಂಗ್ ಮೆತ್ತಗಿದೆಯೋ ಗಟ್ಟಿಯಿದೆಯೋ ಅನ್ನುವುದು ಅದರ ಒಂದು ಚೂರು ಮಾತ್ರ.

ಡ್ರ್ಯಾಗ್ ರೇಸ್ ಅಂದರೆ ಕಾಲು ಮೈಲಿ, ಅಂದರೆ 402 ಮೀಟರ್ ನೆಟ್ಟಗೆ ಓಡುವುದು. ಅದರಲ್ಲಿ ಮೊದಲ 60 ಅಡಿಯ ಸಮಯವನ್ನು, ಅಂದರೆ ಸುಮಾರು 18 ಮೀಟರ್, ಬೇರೆಯಾಗಿಯೇ ಅಳೆಯುತ್ತಾರೆ. ಅಲ್ಲಿ 0.1 ಸೆಕೆಂಡ್ ಉಳಿಸಿದರೆ ಕೊನೆಯಲ್ಲಿ 0.15ರಿಂದ 0.2 ಸೆಕೆಂಡ್ ಉಳಿಯುತ್ತದೆ ಅನ್ನುವುದು ಈ ಆಟದವರ ರೂಢಿಯ ಲೆಕ್ಕ. ಆ 18 ಮೀಟರ್‌ನಲ್ಲಿ ಎಂಜಿನ್ನಿಗಿಂತ ಟೈರಿನ ಹಿಡಿತವೇ ದೊಡ್ಡದು. ಎಂಜಿನ್ ಕೊಡುವುದನ್ನೆಲ್ಲ ನೆಲಕ್ಕೆ ಇಳಿಸಲಾಗದೆ ಚಕ್ರ ಸುಮ್ನೆ ತಿರುಗಿದರೆ, ಆ ಹಾರ್ಸ್‌ಪವರ್ ಇದ್ದೂ ಪ್ರಯೋಜನವಿಲ್ಲ.

ಭಾರ ಎಷ್ಟು ಜರುಗುತ್ತದೆ

ಒಂದು ಹಿಂದಿನ ಚಕ್ರ ಎಳೆಯುವ ಕಾರು ತೆಗೆದುಕೊಳ್ಳೋಣ. ತೂಕ 1200 ಕೆಜಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಉದ್ದ 2.5 ಮೀಟರ್. ಗಾಡಿಯ ಇಡೀ ತೂಕ ಒಂದೇ ಬಿಂದುವಿನಲ್ಲಿದೆ ಅಂದುಕೊಂಡರೆ ಆ ಬಿಂದು ನೆಲದಿಂದ 0.55 ಮೀಟರ್ ಮೇಲಿದೆ. ಇದನ್ನು ತೂಕದ ಕೇಂದ್ರ ಅನ್ನೋಣ. ನಿಂತಾಗ ಮುಂದೆ 624 ಕೆಜಿ, ಹಿಂದೆ 576 ಕೆಜಿ ಇದೆ ಅಂತಿಟ್ಟುಕೊಳ್ಳಿ.

ಗಾಡಿ ಅರ್ಧ ಜಿ, ಅಂದರೆ ಭೂಮಿಯ ಗುರುತ್ವದ ಅರ್ಧದಷ್ಟು ವೇಗವರ್ಧನೆಯಲ್ಲಿ ಚಿಮ್ಮಿತು. ಎಷ್ಟು ಭಾರ ಹಿಂದಕ್ಕೆ ಜರುಗಿತು? ತೂಕವನ್ನು ವೇಗವರ್ಧನೆಯಿಂದ ಗುಣಿಸಿ, ಕೇಂದ್ರದ ಎತ್ತರದಿಂದ ಗುಣಿಸಿ, ಉದ್ದದಿಂದ ಭಾಗಿಸಿ. 1200 × 0.5 × 0.55 ÷ 2.5. ಉತ್ತರ 132 ಕೆಜಿ. ಹಿಂದಿನ ಟೈರುಗಳ ಮೇಲೆ ಈಗ 708 ಕೆಜಿ.

ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲಾದರೂ ಬಂತೇ? ಇಲ್ಲ. ಇದನ್ನು ಎರಡು ಸಲ ಓದಿ ಅಂತ ಕೇಳಿಕೊಳ್ಳುತ್ತೇನೆ. ಹಿಂದೆ ಸ್ಪ್ರಿಂಗ್ ಬದಲು ಕಬ್ಬಿಣದ ಗಟ್ಟಿ ಹಾಕಿ ಬೆಸುಗೆ ಹೊಡೆದರೂ ಜರುಗುವ ಒಟ್ಟು ಭಾರ ಹೆಚ್ಚುಕಡಿಮೆ ಅಷ್ಟೇ. ಗಾಡಿ ಎಷ್ಟು ಕೂತಿತು ಅನ್ನುವುದು ಕಣ್ಣಿಗೆ ಕಾಣುವ ಸಂಗತಿ, ಅಷ್ಟೇ. ಭಾರ ಬಂದದ್ದಕ್ಕೆ ಅದು ಅಳತೆಗೋಲಲ್ಲ.

ಎತ್ತರದ ಎಸ್‌ಯುವಿಗಳು ಕೆಲವೊಮ್ಮೆ ಅಚ್ಚರಿಯ ಲಾಂಚ್, ಅಂದರೆ ನಿಂತಲ್ಲಿಂದ ಚಿಮ್ಮಿ ಹೊರಡುವ ಓಟ ಕೊಡುವುದಕ್ಕೂ ಇದೇ ಕಾರಣ. ಮೂರು ಬಾಗಿಲಿನ ಥಾರ್‌ನ ಚಕ್ರದಿಂದ ಚಕ್ರಕ್ಕೆ ಇರುವುದು 2.45 ಮೀಟರ್ ಮಾತ್ರ. ಕೇಂದ್ರ ಸಾಮಾನ್ಯ ಕಾರಿಗಿಂತ ಎಷ್ಟೋ ಮೇಲಿದೆ. ಎತ್ತರ ಜಾಸ್ತಿ, ಉದ್ದ ಕಡಿಮೆ, ಹಾಗಾಗಿ ಜರುಗುವ ಭಾರವೂ ಜಾಸ್ತಿ.

ಭಾರಕ್ಕೆ ಎರಡು ದಾರಿ

ಒಟ್ಟು ಭಾರ ಬದಲಾಗದಿದ್ದರೆ ಸಸ್ಪೆನ್ಷನ್ ಮಾಡುವುದಾದರೂ ಏನು? ಆ ಭಾರ ಯಾವ ದಾರಿಯಲ್ಲಿ ಬರಬೇಕು ಅಂತ ತೀರ್ಮಾನಿಸುತ್ತದೆ. ದಾರಿ ಎರಡು. ಒಂದು ಸ್ಪ್ರಿಂಗ್ ಮೂಲಕ. ಬಾಡಿ ಕೆಳಗಿಳಿಯಬೇಕು, ಸ್ಪ್ರಿಂಗ್ ಒತ್ತಿಕೊಳ್ಳಬೇಕು, ಆಮೇಲೆ ಟೈರಿಗೆ ಭಾರ ತಲುಪಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಇನ್ನೊಂದು, ಆಕ್ಸಲನ್ನು (ಎಡಬಲ ಚಕ್ರಗಳ ನಡುವಿನ ಅಡ್ಡ ದಂಡ) ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ ಜೋಡಿಸುವ ಲಿಂಕ್‌ಗಳ ಮೂಲಕ. ಲಿಂಕ್ ಅಂದರೆ ಗಟ್ಟಿ ಕಬ್ಬಿಣ. ಅದರ ಮೂಲಕ ಭಾರ ತಕ್ಷಣ ಬರುತ್ತದೆ.

ಒಟ್ಟಿನಲ್ಲಿ ಎಷ್ಟು ಪಾಲು ಲಿಂಕ್‌ಗಳ ಮೂಲಕ ಬರುತ್ತದೆ ಅನ್ನುವುದಕ್ಕೆ ಆಂಟಿ-ಸ್ಕ್ವಾಟ್ ಅಂತ ಹೆಸರು. ಶೇ. 0 ಇದ್ದರೆ ಎಲ್ಲವೂ ಸ್ಪ್ರಿಂಗ್ ಮೂಲಕ, ಗಾಡಿ ಚೆನ್ನಾಗಿ ಕೂರುತ್ತದೆ. ಶೇ. 100 ಇದ್ದರೆ ಎಲ್ಲವೂ ಲಿಂಕ್ ಮೂಲಕ, ಹಿಂಭಾಗ ಕೂರುವುದೂ ಇಲ್ಲ, ಏಳುವುದೂ ಇಲ್ಲ. ನೂರು ದಾಟಿದರೆ ಲಾಂಚ್ ಹೊತ್ತಿಗೆ ಹಿಂಭಾಗ ಮೇಲೇಳುತ್ತದೆ. ಬಾಡಿಯನ್ನು ಮೇಲೆತ್ತುವ ಬಲವೇ ಆಕ್ಸಲನ್ನು ಕೆಳಗೆ ಒತ್ತುತ್ತದೆ. ಡ್ರ್ಯಾಗ್‌ಗಂತಲೇ ಕಟ್ಟಿದ ಕಾರುಗಳ ಬಾಲ ಕೂರದೆ ಮೇಲೇಳುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಅದು ಕೆಟ್ಟ ಸೆಟ್ಟಿಂಗ್ ಅಲ್ಲ, ಬೇಕಂತಲೇ ಮಾಡಿದ್ದು.

ಇದನ್ನು ಅಳೆಯುವುದಕ್ಕೆ ಲೇಸರ್, ಕಂಪ್ಯೂಟರ್ ಏನೂ ಬೇಕಿಲ್ಲ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಶೆಡ್‌ನಲ್ಲಿ ವಿಜಯಪುರದ ಕಡೆಯ ಮಿಸ್ತ್ರಿಯೊಬ್ಬರು ಇದನ್ನು ನೆಲದ ಮೇಲೆ ಮಾಡಿ ತೋರಿಸಿದ್ದನ್ನು ನೋಡಿದ್ದೇನೆ. ಹಳೆ ಸ್ಕಾರ್ಪಿಯೊ ಸಮತಟ್ಟಾದ ನೆಲದ ಮೇಲೆ ನಿಂತಿತ್ತು. ಹಿಂದಿನ ಲಿಂಕ್‌ಗಳ ಪ್ರತಿ ಬೋಲ್ಟಿನಿಂದ ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟರು. ನಟ್ ತೂಗಾಡುವುದು ನಿಂತ ಮೇಲೆ ಅದರ ಕೆಳಗೆ ಸೀಮೆಸುಣ್ಣದಲ್ಲಿ ಗುರುತು. ಪ್ರತಿ ಬೋಲ್ಟಿನ ಎತ್ತರವನ್ನು ಟೇಪಿನಲ್ಲಿ ಅಳೆದು ಗೋಡೆಯ ಮೇಲೆ ಪಕ್ಕದಿಂದ ಕಾಣುವ ಹಾಗೆ ಚಿತ್ರ ಬರೆದರು. ಮೇಲಿನ ಲಿಂಕಿಗೊಂದು ಗೆರೆ, ಕೆಳಗಿನದಕ್ಕೊಂದು ಗೆರೆ. ಎರಡನ್ನೂ ಮುಂದಕ್ಕೆ ಎಳೆದಾಗ ಒಂದು ಕಡೆ ಸೇರಿದವು. "ಅಣ್ಣಾರ, ಈ ಎರಡು ಗೆರಿ ಎಲ್ಲಿ ಕೂಡ್ತಾವ ನೋಡ್ರಿ. ಹಿಂದಿನ ಗಾಲಿ ಗಾಡಿನ್ನ ಅಲ್ಲಿಂದನ ತಳ್ಳತೈತಿ" ಅಂದರು. ಪುಸ್ತಕದಲ್ಲಿ ಇನ್‌ಸ್ಟಂಟ್ ಸೆಂಟರ್ ಅಂತ ಕರೆಯುವುದು ಇದನ್ನೇ. ಅಷ್ಟು ನೇರವಾದ ವಿವರಣೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಈಗ ಲೆಕ್ಕ. ನಮ್ಮ 1200 ಕೆಜಿ ಕಾರಿನಲ್ಲಿ ಗೆರೆಗಳು ಸೇರುವ ಬಿಂದು ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಮುಂದೆ, ನೆಲದಿಂದ 0.3 ಮೀಟರ್ ಮೇಲೆ ಇದೆ ಅನ್ನಿ. ಹಿಂದಿನ ಟೈರ್ ನೆಲ ಮುಟ್ಟುವ ಜಾಗದಿಂದ ಆ ಬಿಂದುವಿನ ಮೂಲಕ ಗೆರೆ ಎಳೆದು ಮುಂದಿನ ಆಕ್ಸಲ್‌ವರೆಗೆ ಒಯ್ಯಿರಿ. ಅಲ್ಲಿ ಗೆರೆಯ ಎತ್ತರ 0.3 ÷ 1.2 × 2.5, ಅಂದರೆ 0.625 ಮೀಟರ್. ಇದನ್ನು ತೂಕದ ಕೇಂದ್ರದ ಎತ್ತರದಿಂದ, ಅಂದರೆ 0.55ರಿಂದ ಭಾಗಿಸಿ. ಸುಮಾರು ಶೇ. 114. ಈ ಗಾಡಿಯ ಬಾಲ ಲಾಂಚ್‌ನಲ್ಲಿ ಸ್ವಲ್ಪ ಏಳುತ್ತದೆ. ಬಿಂದುವಿನ ಎತ್ತರ 0.2 ಮೀಟರ್ ಆಗಿದ್ದರೆ ಉತ್ತರ ಸುಮಾರು ಶೇ. 76 ಆಗಿ, ಗಾಡಿ ಕೂರುತ್ತಿತ್ತು. ಹತ್ತು ಸೆಂಟಿಮೀಟರ್‌ನಲ್ಲಿ ಗಾಡಿಯ ಸ್ವಭಾವವೇ ಬದಲಾಯಿತು.

ಈ ಬಿಂದುವನ್ನು ಮೇಲೆತ್ತುವ ಸಾಮಾನ್ಯ ದಾರಿ ಅಂದರೆ ಕೆಳಗಿನ ಲಿಂಕಿನ ಆಕ್ಸಲ್ ಕಡೆಯ ತುದಿಯನ್ನು ಒಂದು ಬ್ರ್ಯಾಕೆಟ್ ಹಾಕಿ ಇನ್ನಷ್ಟು ಕೆಳಗೆ ಕೂರಿಸುವುದು. ಆಗ ಆ ಲಿಂಕ್ ಮುಂದಕ್ಕೆ ಹೋಗುತ್ತಾ ಮೇಲಕ್ಕೆ ಓರೆಯಾಗುತ್ತದೆ, ಗೆರೆಗಳು ಬೇಗ ಕೂಡುತ್ತವೆ.

ಇಲ್ಲೊಂದು ಮಾತು ಹೇಳಲೇಬೇಕು. ಚೆಂದ ಕಾಣಲಿ ಅಂತ ಗಿಡ್ಡ ಸ್ಪ್ರಿಂಗ್ ಹಾಕಿ ಗಾಡಿ ತಗ್ಗಿಸುವವರು ಬಹಳ ಜನ. ಬಾಡಿ ಕೆಳಗಿಳಿದಾಗ ಲಿಂಕ್‌ಗಳ ಚಾಸಿ ಕಡೆಯ ತುದಿಗಳೂ ಕೆಳಗಿಳಿಯುತ್ತವೆ. ಅದರ ಜೊತೆ ಆ ಬಿಂದುವೂ ಇಳಿಯುತ್ತದೆ, ಆಂಟಿ-ಸ್ಕ್ವಾಟ್ ಕರಗಿಹೋಗುತ್ತದೆ. ತೂಕದ ಕೇಂದ್ರವೂ ತಗ್ಗಿದ್ದರಿಂದ ಜರುಗುವ ಭಾರವೂ ಒಂದಿಷ್ಟು ಕಡಿಮೆ. ಹಿಂದಿನ ಚಕ್ರ ಎಳೆಯುವ ಗಾಡಿಗೆ ಎರಡು ಕಡೆಯಿಂದಲೂ ನಷ್ಟ. ನೋಟಕ್ಕೆ ರೇಸ್ ಕಾರು, ಲಾಂಚ್‌ನಲ್ಲಿ ಮಾತ್ರ ಮೊದಲಿಗಿಂತ ಕೆಟ್ಟದು.

ಪಟ್ಟಿ ಸ್ಪ್ರಿಂಗ್ ಇದ್ದರೆ

ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ನೆನಪಿದೆಯಲ್ವಾ? ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ. 2023ರ ಅಕ್ಟೋಬರ್ ಕೊನೆಯಲ್ಲಿ ಟ್ಯಾಕ್ಸಿಯಾಗಿ ಅದರ ಓಟ ಮುಗಿಯಿತು. ಅದರ ಹಿಂದೆ ಬಗ್ಗಿ ನೋಡಿದವರಿಗೆ ಕಾಣುತ್ತಿದ್ದದ್ದು ಒಂದು ಗಟ್ಟಿ ಆಕ್ಸಲ್, ಎರಡು ಕಡೆ ಲೀಫ್ ಸ್ಪ್ರಿಂಗ್, ಅಂದರೆ ಪಟ್ಟಿ ಸ್ಪ್ರಿಂಗ್ ಕಟ್ಟು. ಇಂದಿಗೂ ಪದ್ಮಿನಿಗೆ ದೊಡ್ಡ ಎಂಜಿನ್ ಕೂರಿಸುವ ಕನಸು ಕಾಣುವವರು ಇದ್ದಾರೆ. ಅವರಿಗೆ ಮೊದಲು ಎದುರಾಗುವ ತೊಂದರೆ ಇದು.

ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ ಆಕ್ಸಲ್ ಹೌಸಿಂಗ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅಂದರೆ ಪಿನಿಯನ್ (ಎಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಗೇರ್) ಇರುವ ಮೂತಿ ಮೇಲೇಳುತ್ತದೆ. ಇದನ್ನು ತಡೆಯಲು ಲಿಂಕ್ ಇಲ್ಲ, ಇರುವುದು ಬಾಗುವ ಪಟ್ಟಿಗಳು ಮಾತ್ರ. ಪಟ್ಟಿ ಹಾವಿನ ಹಾಗೆ ಸೊಟ್ಟಗಾಗುತ್ತದೆ. ಒಂದು ಹಂತದಲ್ಲಿ ಟೈರ್ ಜಾರುತ್ತದೆ, ಪಟ್ಟಿ ಸಟಕ್ಕನೆ ನೆಟ್ಟಗಾಗುತ್ತದೆ, ಟೈರ್ ಮತ್ತೆ ನೆಲ ಹಿಡಿಯುತ್ತದೆ, ಮತ್ತೆ ಸೊಟ್ಟ. ಸೆಕೆಂಡಿಗೆ ಹಲವು ಸಲ. ಹಿಂದಿನ ಚಕ್ರ ದಡದಡ ಕುಣಿಯುವ ವೀಲ್ ಹಾಪ್ ಅಂದರೆ ಇದು. ಯೂನಿವರ್ಸಲ್ ಜಾಯಿಂಟ್, ಆಕ್ಸಲ್ ಶಾಫ್ಟ್ ಮುರಿಯುವುದು ಇಂಥ ಹೊತ್ತಿನಲ್ಲೇ. ಕುಣಿತ ಶುರುವಾದರೆ ಆಕ್ಸಿಲರೇಟರ್ ಬಿಟ್ಟುಬಿಡಿ. ಆ ಓಟ ಹೋದರೆ ಹೋಗಲಿ.

ಪರಿಹಾರ ದುಬಾರಿಯಲ್ಲ. ಆಕ್ಸಲ್‌ನಿಂದ ಮುಂದಿನ ಸ್ಪ್ರಿಂಗ್ ಕಣ್ಣಿನ ತನಕ ಪಟ್ಟಿಯ ಕೆಳಗೆ ಒಂದು ಗಟ್ಟಿ ಬಾರ್ ಕಟ್ಟುತ್ತಾರೆ, ಅದರ ತುದಿಗೆ ರಬ್ಬರ್ ಗುಬುಟು. ಪಟ್ಟಿಯ ಮುಂಭಾಗ ಸೊಟ್ಟಗಾಗಲು ಹೊರಟ ತಕ್ಷಣ ರಬ್ಬರ್ ಹೋಗಿ ಒತ್ತಿ ತಡೆಯುತ್ತದೆ. ಇದು ಟ್ರ್ಯಾಕ್ಷನ್ ಬಾರ್. ಜೊತೆಗೆ ಪಟ್ಟಿಗಳ ಮುಂದಿನ ಅರ್ಧವನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಹಿಂದಿನ ಅರ್ಧವನ್ನು ಸಡಿಲ ಬಿಡುತ್ತಾರೆ. ಮುಂಭಾಗ ಲಿಂಕಿನ ಕೆಲಸ ಮಾಡುತ್ತದೆ, ಹಿಂಭಾಗ ಸ್ಪ್ರಿಂಗ್ ಆಗಿ ಉಳಿಯುತ್ತದೆ. ಹೇಗೂ ಮೂತಿ ಸ್ವಲ್ಪ ಏಳುವುದೇ ಆದ್ದರಿಂದ ನಿಂತಾಗ ಪಿನಿಯನ್ ಕೆಲವು ಡಿಗ್ರಿ ಕೆಳಗೆ ನೋಡುವಂತೆ ಇಡುತ್ತಾರೆ. ಭಾರ ಬಿದ್ದಾಗ ಅದು ಪ್ರೊಪೆಲ್ಲರ್ ಶಾಫ್ಟಿಗೆ ನೇರವಾಗುತ್ತದೆ. ಗಟ್ಟಿ ಲಿಂಕ್ ಇರುವ ಗಾಡಿಗೆ ಒಂದೆರಡು ಡಿಗ್ರಿ ಸಾಕು.

ಇದೆಲ್ಲದರ ಮುಂಚೆ ಬುಷ್‌ಗಳನ್ನು, ಅಂದರೆ ಲಿಂಕ್, ಸ್ಪ್ರಿಂಗ್ ತುದಿಗಳಲ್ಲಿ ಕೂರುವ ರಬ್ಬರ್ ಬಳೆಗಳನ್ನು ನೋಡಿ. ಸವೆದ ಬುಷ್ ಇಟ್ಟುಕೊಂಡು ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಬಲಗಾಲಿ ಯಾಕೆ ಮೊದಲು ಜಾರುತ್ತದೆ

ಗಟ್ಟಿ ಆಕ್ಸಲ್ ಗಾಡಿ ಜೋರಾಗಿ ಹೊರಟಾಗ ನೆಲದ ಮೇಲೆ ಒಂದೇ ಕಪ್ಪು ಗೆರೆ ಬೀಳುವುದನ್ನು ಗಮನಿಸಿದ್ದೀರಾ? ಸಾಮಾನ್ಯವಾಗಿ ಅದು ಬಲಗಾಲಿಯದು. ಹಿಂದಿನಿಂದ ನೋಡಿದರೆ ಪ್ರೊಪೆಲ್ಲರ್ ಶಾಫ್ಟ್ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತದೆ. ಆಕ್ಸಲನ್ನೂ ಅದೇ ದಿಕ್ಕಿಗೆ ತಿರುಚುತ್ತದೆ. ಎಡಗಾಲಿ ನೆಲಕ್ಕೆ ಒತ್ತುತ್ತದೆ, ಬಲಗಾಲಿ ಹಗುರಾಗುತ್ತದೆ. ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳಿಗೆ ಡಿಫರೆನ್ಷಿಯಲ್ ಅಂತಾರೆ. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಹಗುರಾದ ಚಕ್ರ ಎಷ್ಟು ತಡೆಯುತ್ತದೋ ಅಷ್ಟೇ ಟಾರ್ಕ್, ಅಂದರೆ ತಿರುಗಿಸುವ ಬಲ, ಇನ್ನೊಂದಕ್ಕೂ ಸಿಗುವುದು. ಬಲಗಾಲಿ ಜಾರಿದರೆ ಎಡಗಾಲಿಯ ಹಿಡಿತವೂ ವ್ಯರ್ಥ.

ನಮ್ಮ ದೇಶದ ಗಾಡಿಗಳಿಗೆ ಇಲ್ಲೊಂದು ಅನುಕೂಲ ಇದೆ. ಡ್ರೈವರ್ ಕೂರುವುದೇ ಬಲಗಡೆ. ಎಪ್ಪತ್ತು ಎಂಬತ್ತು ಕೆಜಿ ಬೇಕಾದ ಕಡೆಯೇ ಸೇರುತ್ತದೆ. ಅಮೆರಿಕದ ಎಡಗಡೆ ಸ್ಟಿಯರಿಂಗ್ ಕಾರಿಗೆ ಹೇಳಿದ ಅಳತೆಗಳನ್ನು ಹಾಗೇ ನಕಲು ಮಾಡಬಾರದು ಅನ್ನಲು ಇದೂ ಒಂದು ಕಾರಣ. ಬ್ಯಾಟರಿಯನ್ನು ಡಿಕ್ಕಿಯಲ್ಲಿ ಬಲಹಿಂಬದಿಗೆ ಸಾಗಿಸಿದರೆ ಇನ್ನಷ್ಟು ಲಾಭ. ಹಿಂದೆ ಗಟ್ಟಿ ಆಂಟಿ-ರೋಲ್ ಬಾರ್ (ಗಾಡಿ ಒಂದು ಪಕ್ಕಕ್ಕೆ ವಾಲುವುದನ್ನು ತಡೆಯುವ ಕಂಬಿ) ಹಾಕುವುದು, ಬಲಗಡೆಯ ಸ್ಪ್ರಿಂಗ್ ಒಳಗೆ ಏರ್‌ಬ್ಯಾಗ್ ಇಟ್ಟು ಸ್ವಲ್ಪ ಗಾಳಿ ತುಂಬುವುದು ಮುಂದಿನ ಹೆಜ್ಜೆಗಳು. ಎರಡು ಟೈರುಗಳ ಭಾರ ಸಮವಾಗಿದ್ದಾಗ ಸಿಗುವ ಒಟ್ಟು ಹಿಡಿತ, ಒಂದರ ಮೇಲೆ ಜಾಸ್ತಿ ಇನ್ನೊಂದರ ಮೇಲೆ ಕಡಿಮೆ ಇದ್ದಾಗಿನದಕ್ಕಿಂತ ಹೆಚ್ಚು. ಭಾರ ಎರಡು ಪಟ್ಟಾದರೂ ರಬ್ಬರಿನ ಹಿಡಿತ ಪೂರ್ತಿ ಎರಡು ಪಟ್ಟಾಗುವುದಿಲ್ಲ.

ಹಿಂದೆ ಗಟ್ಟಿ ಆಕ್ಸಲ್ ಇಲ್ಲದ, ಡಿಫರೆನ್ಷಿಯಲ್ ಚಾಸಿಗೇ ಕೂತಿರುವ ಬಿಎಂಡಬ್ಲ್ಯುನಂಥ ಕಾರುಗಳಲ್ಲಿ ಈ ತಿರುಚಾಟ ಇರುವುದಿಲ್ಲ. ಆದರೆ ಹಿಂಭಾಗ ಕೂತಾಗ ಚಕ್ರಗಳ ಕೋನ ಬದಲಾಗಿ ಟೈರ್ ಒಳಅಂಚಿನ ಮೇಲೆ ನಿಲ್ಲುತ್ತದೆ. ಅಲ್ಲಿ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವ ಕೋನ) ಮತ್ತು ಟೋ (ಚಕ್ರದ ಮುಂಭಾಗ ಒಳಗೆ ಹೊರಗೆ ತಿರುಗಿರುವ ಕೋನ) ಹೊಂದಿಸುವುದು ಮುಖ್ಯ ಕೆಲಸ. ಆಂಟಿ-ಸ್ಕ್ವಾಟ್ ಗೆರೆಯನ್ನು ನೆಲದಿಂದ ಎಳೆಯದೆ ಚಕ್ರದ ನಡುಮಧ್ಯದಿಂದ ಎಳೆಯಬೇಕು.

ಶಾಕ್ ಅಬ್ಸಾರ್ಬರ್ ಮಾಡುವ ಕೆಲಸ

ತಲೆಯ ಮೇಲೆ ಗೋಣಿಚೀಲವನ್ನು ಇಬ್ಬರು ಮೆಲ್ಲಗೆ ಇಟ್ಟರೆ ಹಮಾಲ ಹೊತ್ತು ನಡೆಯುತ್ತಾನೆ, ಅದೇ ಚೀಲ ಮೇಲಿಂದ ಧೊಪ್ಪೆಂದು ಬಿದ್ದರೆ ಕಾಲು ತಪ್ಪುತ್ತದೆ. ಟೈರಿನ ಕಥೆಯೂ ಅಷ್ಟೇ. ಭಾರ ತಡವಾಗಿ ಬಂದರೆ ಚಕ್ರ ಅಷ್ಟರಲ್ಲೇ ಜಾರಿರುತ್ತದೆ. ಒಮ್ಮೆಲೇ ಅಪ್ಪಳಿಸಿದರೆ ಟೈರ್ ಚಪ್ಪಟೆಯಾಗಿ ಪುಟಿದು, ಆ ಪುಟಿತದಲ್ಲಿ ಹಿಡಿತ ಬಿಡುತ್ತದೆ. ಎರಡರ ನಡುವೆ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್ ಕೆಲಸ.

ಲಾಂಚ್‌ನಲ್ಲಿ ಕೂರುವ ಗಾಡಿಗೆ ಹಿಂದಿನ ಶಾಕ್‌ನ ಒತ್ತುವ ದಿಕ್ಕು, ಅಂದರೆ ಬಂಪ್, ಬಿಗಿ ಮಾಡಿದರೆ ಭಾರ ಬೇಗ ಬರುತ್ತದೆ. ಬಾಲ ಏಳುವ ಗಾಡಿಗೆ ಎಳೆಯುವ ದಿಕ್ಕು, ಅಂದರೆ ರೀಬೌಂಡ್ ಮುಖ್ಯ. ಅದು ಸಡಿಲವಿದ್ದರೆ ಟೈರಿನ ಮೇಲೆ ಪೆಟ್ಟು ಜೋರು, ಬಿಗಿಯಿದ್ದರೆ ಮೆದು. ಶಾಕ್ ಪೂರ್ತಿ ಚಾಚಿಕೊಂಡು ತುದಿ ಮುಟ್ಟಿತೋ, ಅಲ್ಲಿಗೆ ಒತ್ತುವ ಬಲ ಮುಗಿಯಿತು. ಆ ಕ್ಷಣ ಟೈರ್ ದಿಢೀರ್ ಹಗುರಾಗುತ್ತದೆ. ಹತ್ತು ಹದಿನೈದು ಮೀಟರ್ ಚೆನ್ನಾಗಿ ಹೋಗಿ ಆಮೇಲೆ ಚಕ್ರ ಜಾರುವ ಗಾಡಿಗಳಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ.

ಮುಂದಿನ ಚಕ್ರ ಎಳೆಯುವ ಗಾಡಿಗೆ ಲೆಕ್ಕ ತಿರುಗುಮುರುಗು

ನಮ್ಮಲ್ಲಿ ರೇಸ್‌ಗೆ ಬರುವ ಗಾಡಿಗಳಲ್ಲಿ ಪೋಲೊ, ಆಕ್ಟೇವಿಯಾ, ಸಿಟಿಯಂಥವೇ ಬಹಳ. ಅಲ್ಲಿ ಎಳೆಯುವುದು ಮುಂದಿನ ಚಕ್ರ. ಹಿಂದಕ್ಕೆ ಜರುಗಿದ ಪ್ರತಿ ಕೆಜಿಯೂ ನಷ್ಟ. ಹಿಂದಿನ ಚಕ್ರದ ಗಾಡಿಗಾಗಿ ಹೇಳಿದ ಸಲಹೆ ಕೇಳಿ ಇವುಗಳ ಹಿಂಭಾಗವನ್ನು ಮೆತ್ತಗೆ ಮಾಡಿಸುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ದುಡ್ಡು ಕೊಟ್ಟು ಹಿಡಿತ ಕಳೆದುಕೊಂಡ ಹಾಗೆ.

ಇಲ್ಲಿ ಹಿಂದೆ ಗಟ್ಟಿ ಸ್ಪ್ರಿಂಗ್ ಬೇಕು. ಮೊದಲು ಹೇಳಿದ ಹಾಗೆ ಒಟ್ಟು ಜರುಗುವ ಭಾರ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಮೂಗು ಮೇಲೆದ್ದು ತೂಗಾಡುವುದು ನಿಲ್ಲುತ್ತದೆ, ಮುಂದಿನ ಟೈರಿನ ಭಾರ ಏರಿಳಿಯುವುದಿಲ್ಲ, ಮುಂಚಕ್ರಗಳ ಕೋನ ಕೆಡುವುದಿಲ್ಲ. ಭಾರ ಜರುಗುವುದನ್ನೇ ಕಡಿಮೆ ಮಾಡಬೇಕೆಂದರೆ ಉಳಿದಿರುವುದು ಎರಡೇ ದಾರಿ: ತೂಕದ ಕೇಂದ್ರ ತಗ್ಗಿಸುವುದು, ಇಲ್ಲವೇ ಉದ್ದ ಹೆಚ್ಚಿಸುವುದು. ಪೂರ್ತಿ ರೇಸ್‌ಗೆ ಕಟ್ಟಿದ ಇಂಥ ಕಾರುಗಳ ಹಿಂದೆ ಗಾಲಿ ಇರುವ ಉದ್ದ ಕಂಬಿಗಳು ಚಾಚಿಕೊಂಡಿರುವುದು ಅದಕ್ಕೇ. ಕಂಬಿ ನೆಲ ಮುಟ್ಟಿದಾಗ ಗಾಡಿಯ ಉದ್ದವೇ ಹೆಚ್ಚಾದ ಲೆಕ್ಕ. ಗಿಡ್ಡ ಸ್ಪ್ರಿಂಗ್ ಹಾಕಿ ತಗ್ಗಿಸುವುದರಿಂದ ಲಾಂಚ್‌ನಲ್ಲಿ ಲಾಭ ಸಿಗುವುದಾದರೆ ಅದು ಈ ಗಾಡಿಗಳಿಗೆ ಮಾತ್ರ.

ನೆಲ, ಟೈರ್, ಮತ್ತು ಮೊಬೈಲ್

ಅಮೆರಿಕದ ಡ್ರ್ಯಾಗ್ ಓಡುದಾರಿಗಳಿಗೆ ಅಂಟು ಸಿಂಪಡಿಸಿ, ಅದರ ಮೇಲೆ ರಬ್ಬರ್ ಮೆತ್ತಿರುತ್ತಾರೆ. ಚಪ್ಪಲಿ ಕಿತ್ತುಬರುವಷ್ಟು ಅಂಟು. ಲೋಣಾವಳ ಹತ್ತಿರದ ಆಂಬಿ ವ್ಯಾಲಿಯ ವಿಮಾನದ ಓಡುದಾರಿಯಲ್ಲಿ ಡ್ರ್ಯಾಗ್ ರೇಸ್‌ಗಳು ನಡೆದಿವೆ. ವಿಮಾನಕ್ಕೆ ಅಂತ ಮಾಡಿದ ಅಂಥ ನೆಲ ಬೇರೆ ಜಾತಿಯದು. ಅಲ್ಲಿ ಟೈರಿಗೆ ಜೋರು ಪೆಟ್ಟು ಕೊಡುವ ಸೆಟ್ಟಿಂಗ್ ಕೆಲಸ ಮಾಡುವುದಿಲ್ಲ. ಆಂಟಿ-ಸ್ಕ್ವಾಟ್ ಶೇ. 100ರ ಆಸುಪಾಸಿನಲ್ಲಿ ಇಟ್ಟು, ಬಾಲ ಏಳುವ ಗಾಡಿಯಾದರೆ ರೀಬೌಂಡ್ ಬಿಗಿಮಾಡಿ, ಕ್ಲಚ್ಚನ್ನು ಸ್ವಲ್ಪ ಮೆಲ್ಲಗೆ ಬಿಡುವುದು ಮೇಲು. ಸಾರ್ವಜನಿಕ ರಸ್ತೆಯಲ್ಲಂತೂ ಇದನ್ನು ಪ್ರಯತ್ನಿಸಲೇಬೇಡಿ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ರಸ್ತೆಯಲ್ಲಿ ರೇಸ್ ಮಾಡುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ನಡೆದುಹೋಗುವವರ ಜೀವ ನಮ್ಮ ಆಟಕ್ಕಲ್ಲ.

ಡ್ರ್ಯಾಗ್ ರೇಸ್‌ಗಂತಲೇ ಮಾಡಿದ ಡ್ರ್ಯಾಗ್ ರೇಡಿಯಲ್ ಟೈರ್ ಇದ್ದರೆ ಗಾಳಿಯ ಒತ್ತಡವನ್ನು 20 ಪಿಎಸ್‌ಐಗಿಂತ ಕೆಳಗೂ ಇಳಿಸಿ ಓಡಿಸುತ್ತಾರೆ. ಮಾಮೂಲಿ ರಸ್ತೆ ಟೈರಿನಲ್ಲಿ ಅಷ್ಟು ಇಳಿಸಿದರೆ ಟೈರಿನ ನಡುಭಾಗ ನೆಲ ಬಿಟ್ಟು ಅಂಚು ಮಾತ್ರ ಒತ್ತುತ್ತದೆ, ಹಿಡಿತ ಕಡಿಮೆಯೇ ಆಗುತ್ತದೆ. ಎರಡೆರಡು ಪಿಎಸ್‌ಐ ಇಳಿಸುತ್ತಾ 60 ಅಡಿ ಸಮಯ ನೋಡಿ. ಸಮಯ ಸುಧಾರಿಸುವುದು ನಿಂತಲ್ಲಿ ನೀವೂ ನಿಲ್ಲಿ.

ಹೊಂದಿಸುವಾಗ ಒಂದು ಓಟಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಓಡುವ ದಾರಿಯಿಂದ ದೂರದಲ್ಲಿ, ಹಿಂದಿನ ಚಕ್ರದ ಎತ್ತರಕ್ಕೆ ಮೊಬೈಲನ್ನು ಸ್ಟ್ಯಾಂಡಿನ ಮೇಲಿಟ್ಟು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಚಕ್ರದ ಮೇಲಿನ ಫೆಂಡರ್ ಅಂಚಿಗೂ ಟೈರಿಗೂ ನಡುವಿನ ಸಂದು ನೋಡಿ. ಸಂದು ಕಿರಿದಾದರೆ ಗಾಡಿ ಕೂತಿತು, ದೊಡ್ಡದಾದರೆ ಎದ್ದಿತು. ಟೈರಿನ ಪಕ್ಕ ಸುಕ್ಕುಗಟ್ಟಿದ ಕ್ಷಣ ಯಾವುದು, ಜಾರಿದ ಕ್ಷಣ ಯಾವುದು, ಆಗ ಸಂದು ಎಷ್ಟಿತ್ತು ಅಂತ ಗುರುತು ಹಾಕಿಕೊಳ್ಳಿ. ಬುಷ್, ಟೈರ್ ಒತ್ತಡ, ಶಾಕ್, ಆಮೇಲೆ ಎಡಬಲ ಸಮತೋಲ, ಕೊನೆಗೆ ಲಿಂಕ್ ಬ್ರ್ಯಾಕೆಟ್. ನಾನು ಹೇಳುವ ಕ್ರಮ ಇದು. ಮೊದಲಿನ ಮೂರಕ್ಕೆ ಖರ್ಚು ಕಡಿಮೆ, ಫಲ ಮಾತ್ರ ಕೂಡಲೇ ಕಾಣುತ್ತದೆ.

ಓಟ ಮುಗಿಸಿ ಮನೆಗೆ ಹೊರಡುವ ಮೊದಲು ಎಲ್ಲವನ್ನೂ ರಸ್ತೆಯ ಸೆಟ್ಟಿಂಗಿಗೆ ವಾಪಸ್ ತನ್ನಿ. ಟೈರಿಗೆ ಪೂರ್ತಿ ಗಾಳಿ, ಶಾಕ್‌ನ ಎರಡೂ ದಿಕ್ಕು ಮೊದಲಿನ ಗುರುತಿಗೆ, ರೇಸ್‌ಗೆ ಅಂತ ಬಿಚ್ಚಿಟ್ಟ ಮುಂದಿನ ಆಂಟಿ-ರೋಲ್ ಬಾರ್ ಇದ್ದರೆ ಅದೂ ಜಾಗಕ್ಕೆ. ನೆಟ್ಟಗೆ ಓಡಲು ಹೊಂದಿಸಿದ ಗಾಡಿ ತಿರುವಿನಲ್ಲಿ ಮಾತು ಕೇಳುವುದಿಲ್ಲ. ಮುಂಬೈ ಕಡೆ ಹೋಗುವವರಿಗಂತೂ ಖಂಡಾಲಾ ಘಾಟ್ ಇಳಿಯುವುದು ಬಾಕಿ ಇರುತ್ತದೆ.